ಕಾವಲಿನ ಕ್ರಿಯಾಪದ

ಚಳ್ಳಕೆರೆ ಸೀಮೆಯಲ್ಲಿ ಬೆಳಗ್ಗೆ ದನ ಬಿಡುವ ಹೊತ್ತಿಗೆ ಒಂದು ಮನೆಯಿಂದ ‘ಮೇಸ್ಕಂಡ್ ಬಾ’ ಎಂಬ ಮಾತು ಬರುತ್ತದೆ. ನಾಲ್ಕು ಮನೆ ದಾಟಿದರೆ ಅದೇ ಕೆಲಸಕ್ಕೆ ‘ಮೇಪ್ಕೊನಿ ರಾ’. ಮೊದಲನೆಯದು ಕನ್ನಡ, ಎರಡನೆಯದು ತೆಲುಗು. ಇಬ್ಬರ ದನವೂ ಹೋಗುವುದು ಒಂದೇ ಬಯಲಿಗೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ ಆಡುವವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ‘ಮೇಯು’ ಎಂಬ ಕ್ರಿಯಾಪದ ಎರಡೂ ಭಾಷೆಗಳಲ್ಲಿರುವುದು ಇಲ್ಲಿ ಯಾರಿಗೂ ಸೋಜಿಗವಲ್ಲ. ಕೇಳಿದರೆ ‘ಅವರಿಂದ ಇವರಿಗೆ ಬಂದಿರಬೇಕು’ ಎಂದು ಮಾತು ಮುಗಿಸುತ್ತಾರೆ.

ಹಾಗೆ ಬಂದದ್ದಲ್ಲ. ನೆರೆಹೊರೆಯವರ ಬಾಯಲ್ಲಿ ಒಂದೇ ಪದ ಇದ್ದರೆ ಅದು ಸಾಲದ ಪದವೋ ತಾತನ ಕಾಲದ ಪಾಲೋ ಎಂದು ಪತ್ತೆ ಮಾಡಲು ಭಾಷಾವಿಜ್ಞಾನಿಗಳ ಬಳಿ ಒಂದು ಸರಳ ಉಪಾಯವಿದೆ. ನೆರೆಯವರನ್ನು ಬಿಟ್ಟು ದೂರದವರನ್ನು ಕೇಳುವುದು. ತಮಿಳಿನಲ್ಲಿ ‘ಮೇಯ್’, ಮಲಯಾಳದಲ್ಲಿ ‘ಮೇಯುಕ’, ತುಳುವಿನಲ್ಲಿ ‘ಮೇಯುನಿ’. ಕೊಡಗಿನಲ್ಲೂ ಇದೆ, ನೀಲಗಿರಿಯ ತೋಡರಲ್ಲೂ ಇದೆ, ಅಷ್ಟು ದೂರದ ಮಧ್ಯಭಾರತದ ಗೋಂಡರ ಭಾಷೆಯಲ್ಲೂ ಇದೆ. ಗೋಂಡರು ಈ ಪದವನ್ನು ಚಳ್ಳಕೆರೆ ಸಂತೆಯಿಂದ ಒಯ್ದಿರಲಾರರು. ಇವೆಲ್ಲ ಬೇರೆ ಬೇರೆಯಾಗುವ ಮೊದಲೇ, ಮೂಲದ್ರಾವಿಡ ಎನ್ನುವ ತಾಯಿಭಾಷೆಯಲ್ಲೇ ಈ ಕ್ರಿಯಾಪದ ಇತ್ತು ಎಂದು ಒಪ್ಪಿಕೊಳ್ಳದೆ ದಾರಿಯಿಲ್ಲ. ಹೀಗೆ ಧಾತುಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ಮದ್ರಾಸಿನ ಅಧಿಕಾರಿ ಎಫ್. ಡಬ್ಲ್ಯು. ಎಲ್ಲಿಸ್ 1816ರಲ್ಲೇ ತಮಿಳು, ತೆಲುಗು, ಕನ್ನಡಗಳಿಗೆ ಮಾಡಿ ತೋರಿಸಿದ್ದ. ಇದೇ ಕೆಲಸಕ್ಕೆ ಕಾಲ್ಡ್‌ವೆಲ್ ಹೆಸರಾಗಿದ್ದು ಅದಕ್ಕೆ ನಲವತ್ತು ವರ್ಷ ತರುವಾಯ. ಬರೋ ಮತ್ತು ಎಮೆನೋ ಸೇರಿ 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಇಂಥ ಪದಗಳ ಸಂಸಾರಗಳೆಲ್ಲ ಒಟ್ಟಿಗೆ ಸಿಗುತ್ತವೆ.

ಸಾಲದ ಪದಗಳೂ ಇದೇ ಬಯಲಿನಲ್ಲಿವೆ. ದನ ಕಾಯುವವನಿಗೆ ಇಲ್ಲಿ ‘ಕಿಲಾರಿ’ ಎನ್ನುತ್ತಾರೆ. ಮರಾಠಿಯಲ್ಲಿ ‘ಖಿಲ್ಲಾರ’ ಎಂದರೆ ದನದ ಹಿಂಡು, ‘ಖಿಲ್ಲಾರಿ’ ಎಂದರೆ ಅದನ್ನು ಕಾಯುವವನು. ಉತ್ತರ ಕರ್ನಾಟಕದವರಿಗೆ ಕಿಲಾರಿ ಎಂದರೆ ಎತ್ತಿನ ತಳಿಯ ಹೆಸರು. ದನದ ಬೆನ್ನು ಹತ್ತಿ ಊರೂರು ತಿರುಗಿದ ಪದ ಇದು. ಮೇಯು ಹಾಗಲ್ಲ, ಮನೆಯಲ್ಲೇ ಹುಟ್ಟಿ ಬೆಳೆದದ್ದು.

ಅದು ಇಷ್ಟು ಕಾಲ ಗುರುತು ಕೆಡದೆ ಉಳಿದದ್ದಕ್ಕೆ ಅದರ ಮೊದಲಕ್ಷರ ಕಾರಣ. ಕನ್ನಡದಲ್ಲಿ ಹತ್ತನೇ ಶತಮಾನದಿಂದ ಈಚೆಗೆ ಪದದ ಮೊದಲಿನ ಪಕಾರ ಹಕಾರವಾಗುತ್ತ ಬಂತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಟ್ಟಿ ಹಟ್ಟಿಯಾಯಿತು. ನಾಯಕನಹಟ್ಟಿಯ ‘ಹಟ್ಟಿ’ ಮೊದಲಿಗೆ ದನಕುರಿಗಳ ದೊಡ್ಡಿಯೇ. ತೆಲುಗು ತನ್ನ ಪಕಾರ ಬಿಡಲಿಲ್ಲ. ಅದಕ್ಕೇ ಪಾಲು–ಹಾಲು ಒಂದೇ ಎಂದು ಕೇಳಿದ ತಕ್ಷಣ ಕೆಲವರಿಗೆ ಹೊಳೆಯುವುದಿಲ್ಲ. ಮಕಾರದ ಮೇಲೆ ಇಂಥ ಯಾವ ದಾಳಿಯೂ ನಡೆಯಲಿಲ್ಲ.

ಮೇಯುವುದು ಮತ್ತು ಮೇಯಿಸುವುದರ ನಡುವಿನ ಗೆರೆಯನ್ನು ಮಾತ್ರ ಒಂದೊಂದು ಭಾಷೆ ಒಂದೊಂದು ಬಗೆಯಲ್ಲಿ ಎಳೆಯಿತು. ತಮಿಳಿನಲ್ಲಿ ದನ ತಾನೇ ಮೇದರೆ ‘ಮೇಯ್ನ್ದು’, ಮನುಷ್ಯ ಮೇಯಿಸಿದರೆ ‘ಮೇಯ್ತ್ತು’. ಒಂದು ಅನುನಾಸಿಕ ಹೋಗಿ ತಕಾರ ಒತ್ತಿದರೆ ಕರ್ತೃವೇ ಬದಲು. ತೆಲುಗು ‘ಮೇಯು’ವಿಗೆ ‘ಮೇಪು’ ಎಂಬ ಜೋಡಿ ಕಟ್ಟಿಕೊಂಡಿತು. ಕನ್ನಡ ಎಲ್ಲದಕ್ಕೂ ಹಚ್ಚುವ ‘ಇಸು’ವನ್ನೇ ಇಲ್ಲಿಗೂ ಹಚ್ಚಿ ‘ಮೇಯಿಸು’ ಮಾಡಿತು, ಆಡುಮಾತು ಅದನ್ನು ಒತ್ತಿ ‘ಮೇಸು’ ಮಾಡಿತು.

ಇನ್ನು ಅರ್ಥದ ಮಾತು. ಅದಕ್ಕೆ ಮೊದಲು ದನ ಮೇಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಸುವಿಗೆ ಮೇಲ್ದವಡೆಯ ಮುಂದೆ ಹಲ್ಲೇ ಇಲ್ಲ, ಅಲ್ಲಿರುವುದು ಗಟ್ಟಿಯಾದ ವಸಡು. ಆದ್ದರಿಂದ ಅದು ಹುಲ್ಲನ್ನು ಕಚ್ಚುವುದಿಲ್ಲ. ಒರಟು ನಾಲಿಗೆಯನ್ನು ಹೊರಚಾಚಿ ಒಂದು ಹಿಡಿ ಹುಲ್ಲನ್ನು ಸುತ್ತಿ ಎಳೆದು, ಕೆಳಹಲ್ಲಿಗೂ ವಸಡಿಗೂ ನಡುವೆ ಸಿಕ್ಕಿಸಿ, ತಲೆಯನ್ನು ಸರಕ್ಕನೆ ಮೇಲೆತ್ತಿ ಹರಿಯುತ್ತದೆ. ಆ ‘ಕರ್ರ್’ ಸದ್ದು ಹರಿಯುವ ಸದ್ದು. ಎರಡು ತುತ್ತು ಹರಿದು ಒಂದು ಹೆಜ್ಜೆ ಮುಂದೆ. ನೆಲದಿಂದ ಬೆರಳೆರಡು ಬೆರಳು ಹುಲ್ಲು ಅದಕ್ಕೆ ಎಟುಕದೆ ಉಳಿಯುತ್ತದೆ. ಕುರಿಯ ತುಟಿ ಸೀಳಿದೆ, ಬಾಯಿ ಚೂಪು. ಅದು ಬುಡದವರೆಗೂ ಕತ್ತರಿಸಬಲ್ಲದು. ದನ ಮೇದ ಜಾಗದಲ್ಲಿ ಕುರಿ ಬಿಟ್ಟರೆ ಹೊಟ್ಟೆ ತುಂಬಿಸಿಕೊಂಡು ಬರುತ್ತವೆ, ಕುರಿ ಮೇದ ಜಾಗದಲ್ಲಿ ದನ ಬಿಟ್ಟರೆ ಅವಕ್ಕೆ ಸಿಗುವುದು ಧೂಳು. ಹುಲ್ಲು ಇಷ್ಟಕ್ಕೆಲ್ಲ ಜಗ್ಗುವುದಿಲ್ಲ. ಗಿಡಮರಗಳಿಗೆ ಬೆಳೆಯುವ ಜೀವ ತುದಿಯಲ್ಲಿದ್ದರೆ ಗರಿಕೆ, ಕರಡಗಳಿಗೆ ಅದು ಬುಡದಲ್ಲಿದೆ. ತುದಿ ಹೋದರೂ ಎಲೆ ಕೆಳಗಿನಿಂದ ಮತ್ತೆ ಮೇಲೆ ತಳ್ಳಿಕೊಂಡು ಬರುತ್ತದೆ. ಮೇಯುವ ಪ್ರಾಣಿ ಮತ್ತು ಹುಲ್ಲು ಕೋಟ್ಯಂತರ ವರ್ಷ ಒಂದನ್ನೊಂದು ನೋಡಿಕೊಂಡೇ ಬೆಳೆದಿವೆ.

ಅಂದರೆ ಮೇಯುವುದು ಬರಿಯ ತಿನ್ನುವುದಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ ಹಸು ಮೇವು ‘ತಿನ್ನುತ್ತದೆ’ ಎನ್ನುವುದೇ ನಮ್ಮ ರೂಢಿ. ಮೇಯುವುದೆಂದರೆ ನಡೆಯುತ್ತ, ಆರಿಸುತ್ತ, ಆಹಾರದ ಹಿಂದೆ ಹೋಗುತ್ತ ತಿನ್ನುವುದು. ನಡಿಗೆ ಆ ಕ್ರಿಯಾಪದದ ಅರ್ಧ ಪಾಲು.

ಈ ಅರ್ಧ ಪಾಲು ಯುರೋಪಿನ ಒಂದು ಜೋಡಿ ಭಾಷೆಗಳಲ್ಲಿ ಢಾಳಾಗಿ ಕಾಣುತ್ತದೆ. ಡಚ್ ಮತ್ತು ಜರ್ಮನ್ ಎರಡರಲ್ಲೂ ದನ ಮೇಯುವುದಕ್ಕೆ, ಮೇಯಿಸುವುದಕ್ಕೆ ‘ವೈಡನ್’ ಎನ್ನುತ್ತಾರೆ. ಬರೆಯುವುದೂ ಒಂದೇ ಥರ. ನಮ್ಮ ಪ–ಹ ಇದ್ದಂತೆ ಅವರಲ್ಲೂ ಒಂದು ವ್ಯಂಜನ ಪಲ್ಲಟ ನಡೆದಿದೆ. ಡಚ್ಚರ ‘ವಾಟರ್’ ಜರ್ಮನರಿಗೆ ‘ವಾಸರ್’, ಅವರ ‘ಅಪ್ಪೆಲ್’ ಇವರ ‘ಆಪ್ಫೆಲ್’. ವೈಡನ್ ಮಾತ್ರ ನಮ್ಮ ಮೇಯುವಿನಂತೆ ಆ ಪಲ್ಲಟದ ಕೈಗೆ ಸಿಗದೆ ಉಳಿಯಿತು. ಕನ್ನಡಕ್ಕೂ ಈ ಪದಕ್ಕೂ ಒಬ್ಬ ಮನುಷ್ಯನ ನಂಟಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಡಚ್ಚರ ನಾಡಿಗೆ ಅಂಟಿಕೊಂಡ ಪೂರ್ವ ಫ್ರಿಸಿಯಾದಲ್ಲಿ. ಅದು ಹಸುಗಳ ಸೀಮೆ. ಕಿಟ್ಟೆಲ್ ನಮ್ಮ ‘ಮೇಯ್’ ಧಾತುವಿಗೆ ಅರ್ಥ ಬರೆಯುವಾಗ ಅವರ ತಲೆಯಲ್ಲಿ ಓಡಾಡಿದ ಹುಲ್ಲುಗಾವಲು ಯಾವುದೆಂದು ಊಹಿಸುವುದು ಕಷ್ಟವಲ್ಲ.

ಈಗ ವೈಡನ್‌ನ ಹಳೆಯ ಅರ್ಥ ನೋಡಿ. ಸಾವಿರ ವರ್ಷದ ಹಿಂದಿನ ಜರ್ಮನ್‌ನಲ್ಲಿ ಅದರ ನಾಮಪದಕ್ಕೆ ಹುಲ್ಲುಗಾವಲು ಎಂಬ ಅರ್ಥವಿತ್ತು, ಆಹಾರ ಎಂಬ ಅರ್ಥವಿತ್ತು, ಜೊತೆಗೆ ಬೇಟೆ, ಮೀನುಗಾರಿಕೆ ಎಂಬ ಅರ್ಥವೂ ಇತ್ತು. ಇಂದಿಗೂ ಜರ್ಮನ್‌ನಲ್ಲಿ ‘ವೈಡ್‌ಮಾನ್’ ಎಂದರೆ ಗೊಲ್ಲನಲ್ಲ, ಬೇಟೆಗಾರ. ಡಚ್ಚರ ‘ವೈಟಾಸ್’ ಬೇಟೆಗಾರನ ಹೆಗಲ ಚೀಲ. ಅದೇ ಸಂಸಾರದ ಐಸ್‌ಲ್ಯಾಂಡಿಕ್ ಪದ ಹುಲ್ಲಿನ ನೆನಪನ್ನೇ ಬಿಟ್ಟು ಮೀನು, ಮಿಕ ಹಿಡಿಯುವುದಕ್ಕೆ ನಿಂತಿದೆ. ಪ್ರಾಣಿಯ ಕರುಳಿಗೆ ಜರ್ಮನರು ‘ಐನ್‌ಗೆವೈಡೆ’ ಎನ್ನುತ್ತಾರೆ. ಬೇಟೆ ಮುಗಿದ ಮೇಲೆ ಮಿಕದ ಕರುಳನ್ನು ನಾಯಿಗಳಿಗೆ ಹಾಕುತ್ತಿದ್ದರಲ್ಲ, ಅದು ನಾಯಿಗಳ ಮೇವು! ಕಣ್ಣಿಗೆ ಹಬ್ಬವಾಗುವ ನೋಟ ಅವರಿಗೆ ‘ಕಣ್ಣಿನ ಮೇವು’. ಡಚ್‌ನಲ್ಲಿ ಮಾತಾಡುತ್ತ ವಿಷಯ ಬಿಟ್ಟು ಎಲ್ಲೆಲ್ಲಿಗೋ ಹೋಗುವುದಕ್ಕೆ ‘ಹೊರಗೆ ಮೇಯುವುದು’ ಎಂಬರ್ಥದ ಕ್ರಿಯಾಪದ ಇದೆ. ಈ ಬರಹದ ಓದುಗರಿಗೆ ಆ ಅನುಭವ ಆಗಲೇ ಆಗಿರಬೇಕು.

ಬೇಟೆಯೂ ಮೇವೂ ಒಂದೇ ಪದದೊಳಗೆ ಹೇಗೆ ಸೇರಿದವು? ವ್ಯುತ್ಪತ್ತಿಕಾರರು ಇದನ್ನು ‘ಬೆನ್ನು ಹತ್ತು, ಅರಸಿ ಹೋಗು’ ಎಂಬ ಅರ್ಥದ ಒಂದು ಪುರಾತನ ಧಾತುವಿಗೆ ಒಯ್ಯುತ್ತಾರೆ. ಅದರ ಸಂಸ್ಕೃತ ರೂಪ ವೇದದಲ್ಲಿರುವ ‘ವೇತಿ’. ಪಾಣಿನೀಯ ಧಾತುಪಾಠ ಈ ‘ವೀ’ ಧಾತುವಿಗೆ ಕೊಡುವ ಅರ್ಥಗಳ ಸಾಲಿನಲ್ಲಿ ಮೊದಲನೆಯದು ಗತಿ, ಕೊನೆಯದು ಖಾದನ. ಹೋಗುವುದು ಮತ್ತು ತಿನ್ನುವುದು. ಬೇಟೆಗಾರ ಮಿಕದ ಹಿಂದೆ ಹೋಗುತ್ತಾನೆ, ಹಿಂಡು ಹುಲ್ಲಿನ ಹಿಂದೆ ಹೋಗುತ್ತದೆ. ಉತ್ತರ ಯುರೋಪಿನ ಆ ಜನಕ್ಕೆ ಎರಡೂ ಒಂದೇ ಕಾಡಂಚಿನಲ್ಲಿ, ಬಹುಶಃ ಒಂದೇ ದಿನದಲ್ಲಿ ನಡೆಯುವ ಕೆಲಸ.

ನಮ್ಮ ‘ಮೇಯು’ ಎಂಬ ಕ್ರಿಯಾಪದ ಬೇಟೆಗೆ ಎಂದೂ ಹೋಗಲಿಲ್ಲ. ಬೇಟೆಗೆ ನಮ್ಮಲ್ಲಿ ಬೇರೆಯೇ ಪದವಿದೆ, ತೆಲುಗಿನ ‘ವೇಟ’, ತಮಿಳಿನ ‘ವೇಟ್ಟೈ’ ಅದರ ಒಡಹುಟ್ಟು. ಆದರೆ ಚಳ್ಳಕೆರೆ ಬಳಿಯ ಕುದಾಪುರದ ಸೀಮೆಯಲ್ಲೇ ಇವೆರಡನ್ನೂ ಹೊಸೆದ ಒಂದು ಹೆಸರು ಇದೆ: ಮ್ಯಾಸಬೇಡರು. ಈಗ ಹೆಚ್ಚಾಗಿ ಮ್ಯಾಸ ನಾಯಕರು ಎನ್ನುತ್ತಾರೆ. ಊರ ಬೇಡರು ಊರಲ್ಲಿ ನೆಲೆನಿಂತವರಾದರೆ ಮ್ಯಾಸಬೇಡರು ಹುಲ್ಲುಗಾವಲಿನವರು, ಅಡವಿಯವರು. ಎಡ್ಗರ್ ಥರ್ಸ್ಟನ್ ಜಾತಿ–ಬುಡಕಟ್ಟುಗಳ ಬಗೆಗಿನ 1909ರ ತನ್ನ ಗ್ರಂಥದಲ್ಲಿ ಕೊಟ್ಟ ವಿವರಣೆಯೂ ಇದೇ. ಹೆಸರಿನಲ್ಲಿ ಬೇಟೆ, ಬದುಕಿನಲ್ಲಿ ದನ. ಇವರ ವೀರರಲ್ಲೊಬ್ಬನಾದ ಗಾದ್ರಿ ಪಾಲನಾಯಕ ದನ ಕಾಯುವವನೇ, ಹುಲಿಯೊಡನೆ ಕಾದಾಡಿದವನೂ ಅವನೇ. ಇವರಲ್ಲಿ ‘ದೇವರ ಎತ್ತು’ಗಳ ಹಿಂಡುಗಳಿವೆ. ಅವನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಅವುಗಳ ಜೊತೆಗೇ ಬಯಲಲ್ಲಿ ಇರುತ್ತಾರೆ. ಬರ ಬಂದ ವರ್ಷ ದೇವರ ಎತ್ತಿಗೆ ಮೇವು ಕೊಡಿ ಎಂದು ತಾಲ್ಲೂಕು ಕಚೇರಿಯ ಮುಂದೆ ಬೇಡಿಕೆ ಬರುತ್ತದೆ. ಕೋಳಿ ಮಾತ್ರ ಇವರಿಗೆ ವರ್ಜ್ಯ. ಬೇಟೆಯವರಿಗೆ ಊರ ಹಕ್ಕಿ ಬೇಡ.

‘ಮ್ಯಾಸ’ ಎಲ್ಲಿಂದ ಬಂತು? ಮೇಸುವುದರಿಂದ ಎಂಬುದು ಅಲ್ಲಿನವರ ಮಾತು. ಬೇರೆ ವಿವರಣೆಗಳೂ ಚಾಲ್ತಿಯಲ್ಲಿವೆ. ನಾಲ್ಕು ಜನ ಹೇಳಿದರೆಂದು ವ್ಯುತ್ಪತ್ತಿ ನಿಜವಾಗುವುದಿಲ್ಲ, ಉಚ್ಚಾರದ ನಿಯಮಕ್ಕೆ ಅದು ಒಪ್ಪಬೇಕು. ಈ ಸೀಮೆಯ ಆಡುಗನ್ನಡದಲ್ಲಿ ‘ಏ’ ದನಿ ‘ಯಾ’ ಆಗುತ್ತದೆ. ಮೇಲೆ ಎಂಬುದು ಮ್ಯಾಲೆ, ಪೇಟೆ ಪ್ಯಾಟೆ, ದೇವರು ದ್ಯಾವರು, ಬೇಡ ಬ್ಯಾಡ. ಎಲ್ಲ ಕಡೆಯೂ ಆಗುವುದಿಲ್ಲ. ಬೇಲಿ ಬ್ಯಾಲಿಯಾಗಲಿಲ್ಲ, ಮೇವು ಮ್ಯಾವಾಗಲಿಲ್ಲ. ಮುಂದಿನ ಅಕ್ಷರದಲ್ಲಿ ಅ, ಎ ಇದ್ದರೆ ಬದಲಾವಣೆ, ಇ, ಉ ಇದ್ದರೆ ಇಲ್ಲ. ಈ ಲೆಕ್ಕದಲ್ಲಿ ‘ಮೇಸು’ ಮೇಸಾಗಿಯೇ ಉಳಿಯಬೇಕು, ಅಕಾರಾಂತ ‘ಮೇಸ’ ಇದ್ದರೆ ಅದು ‘ಮ್ಯಾಸ’ ಆಗಲೇಬೇಕು. ಹಾಗೆಯೇ ಆಗಿದೆ. ನಿಯಮ ಒಪ್ಪಿದ ಮಾತ್ರಕ್ಕೆ ಸಿದ್ಧವಾಯಿತು ಎಂದಲ್ಲ, ಆದರೆ ಜನರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ನನ್ನ ಮತ ಅಲ್ಲಿನವರ ಕಡೆಗೇ. ಜರ್ಮನರು ಒಂದೇ ಪದದಲ್ಲಿ ತುಂಬಿಟ್ಟದ್ದನ್ನು ಈ ಬಯಲು ಎರಡು ಪದ ಜೋಡಿಸಿ ಹೇಳಿತು.

ಮನುಷ್ಯರ ಮೇಲೆ ಈ ಕ್ರಿಯಾಪದ ಹಾಕಿದರೆ ಅದು ಬೈಗುಳ, ಇಲ್ಲವೇ ಸಲುಗೆ. ಉಣ್ಣುವವರು ನಾವು, ಮೇಯುವವು ಅವು. ‘ಬೆಳಗ್ಗೆಯಿಂದ ಏನ್ ಮೇದ್ಯೋ’ ಎಂದು ಅಣ್ಣ ತಮ್ಮನಿಗೆ ಕೇಳಬಹುದು, ಬೀಗರಿಗೆ ಕೇಳುವ ಹಾಗಿಲ್ಲ. ಡಚ್ಚರೂ ಜರ್ಮನರೂ ಹೀಗೇ, ಮನುಷ್ಯರ ಊಟಕ್ಕೆ ಒಂದು, ಪ್ರಾಣಿಯ ತಿನಿಸಿಗೆ ಇನ್ನೊಂದು ಕ್ರಿಯಾಪದ ಇಟ್ಟುಕೊಂಡಿದ್ದಾರೆ. ಎರಡನೆಯದನ್ನು ಮನುಷ್ಯರಿಗೆ ಬಳಸಿದರೆ ಅಲ್ಲೂ ಜಗಳವೇ. ತಮಿಳರು ಮಾತ್ರ ಉದಾರಿಗಳು. ಪುಸ್ತಕದ ಮೇಲೆ ಕಣ್ಣಾಡಿಸುವುದಕ್ಕೂ ಅಂತರ್ಜಾಲ ಜಾಲಾಡುವುದಕ್ಕೂ ಅವರು ಮೇಯುವ ಪದವನ್ನೇ ಬಳಸುತ್ತಾರೆ. ಲಂಚದ ವಿಷಯಕ್ಕೆ ಬಂದರೆ ದಕ್ಷಿಣದವರೆಲ್ಲ ಒಂದು. ಬೇಲಿಯೇ ಎದ್ದು ಹೊಲ ಮೇದಂತೆ ಎಂದು ನಾವು, ‘ಕಂಚೆ ಚೇನು ಮೇಸಿನಟ್ಟು’ ಎಂದು ತೆಲುಗರು. ತಮಿಳರ ಗಾದೆಯಲ್ಲೂ ಬೇಲಿಯೇ ಪೈರು ಮೇಯುತ್ತದೆ. ಧಾತುವಿನ ಹಾಗೆ ಗಾದೆ ಅಷ್ಟು ಹಳೆಯದಾಗಿರಬೇಕಿಲ್ಲ. ಗಾದೆಗಳು ಸಂತೆಯಿಂದ ಸಂತೆಗೆ ಒಂದೇ ದಿನದಲ್ಲಿ ದಾಟುತ್ತವೆ.

ಧಾತು ಎಷ್ಟು ಹಳೆಯದು? 2018ರಲ್ಲಿ ವಿಷ್ಣುಪ್ರಿಯಾ ಕೋಲಿಪಾಕಂ ಮತ್ತು ಸಂಗಡಿಗರು ಇಪ್ಪತ್ತು ದ್ರಾವಿಡ ಭಾಷೆಗಳ ಮೂಲ ಪದಗಳನ್ನು ಜೀವವಿಜ್ಞಾನದ ವಂಶವೃಕ್ಷದ ಲೆಕ್ಕಾಚಾರಕ್ಕೆ ಒಡ್ಡಿ, ಈ ಕುಟುಂಬದ ವಯಸ್ಸು ಸುಮಾರು 4,500 ವರ್ಷ ಎಂದರು. ಅದೇ ಕಾಲಕ್ಕೆ ಬಳ್ಳಾರಿ, ರಾಯಚೂರು ಸೀಮೆಯಲ್ಲಿ ದನಗಾಹಿಗಳು ಸಗಣಿಯ ರಾಶಿಗಳನ್ನು ಸುಟ್ಟು ಸುಟ್ಟು ಬೂದಿಯ ದಿಬ್ಬಗಳನ್ನೇ ಎಬ್ಬಿಸಿದ್ದರು. ಬಳ್ಳಾರಿ ಬಳಿಯ ಕುಡುತಿನಿಯ ಬೂದಿದಿಬ್ಬ ಹೆಸರುವಾಸಿ. ಆಲ್‌ಚಿನ್ ಅಗೆದ ತೆಲಂಗಾಣದ ಉಟ್ನೂರಿನ ದಿಬ್ಬದ ಪದರಗಳಲ್ಲಿ ದನದ ಗೊರಸಿನ ಗುರುತುಗಳೇ ಸಿಕ್ಕವು. ಅವರೆಲ್ಲ ಯಾವ ಮಾತಾಡುತ್ತಿದ್ದರೆಂದು ಬೂದಿ ಹೇಳುವುದಿಲ್ಲ. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಅಗೆದಾಗಲೂ ನವಶಿಲಾಯುಗದ ನೆಲೆ ಸಿಕ್ಕಿತು. ಅಲ್ಲಿ ಬಂಡೆಯ ಮೇಲೆ ಬರಹ ಕಾಣುವುದು ಅಶೋಕನ ಕಾಲಕ್ಕೆ, ಅದೂ ಪ್ರಾಕೃತದಲ್ಲಿ. ಕಾಲ, ಜಾಗ, ದನ ಮೂರೂ ಕೂಡಿಬರುವುದರಿಂದ ಬೂದಿದಿಬ್ಬದವರು ದ್ರಾವಿಡ ಮಾತಾಡುತ್ತಿದ್ದರೆಂದು ನಂಬುವ ವಿದ್ವಾಂಸರಿದ್ದಾರೆ. ಅದು ನಿಜವಾದರೆ ಅವರ ಬಾಯಲ್ಲೂ ‘ಮೇಯ್’ ಇದ್ದಿರಬೇಕು.

ಕುದಾಪುರದ ಬಯಲಿಗೆ ‘ಕಾವಲು’ ಎಂಬ ಹೆಸರು ಬಂದದ್ದು ಕಾಯುವುದರಿಂದ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಯನ್ನು ಹೈದರ್ ದೊಡ್ಡದು ಮಾಡಿದ, ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಟ್ಟ. ಹಸುವಿನ ಬೆಣ್ಣೆ ಅರಮನೆಗೆ, ಹೋರಿ ಫಿರಂಗಿ ಎಳೆಯುವುದಕ್ಕೆ. ಮಳೆಗಾಲಕ್ಕೆ, ಚಳಿಗಾಲಕ್ಕೆ, ಬೇಸಿಗೆಗೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿ ಹಿಂಡುಗಳನ್ನು ಅದಲುಬದಲು ಮಾಡುತ್ತಿದ್ದರು. ಮೇಯುವುದರಲ್ಲಿ ನಡಿಗೆ ಅರ್ಧ ಪಾಲು ಎಂದೆನಲ್ಲ, ಅದನ್ನೇ ಆಡಳಿತದ ಪದ್ಧತಿ ಮಾಡಿಕೊಂಡಿದ್ದರು. ಮಳೆ ಕಡಿಮೆ ಬೀಳುವ ಈ ನೆಲದಲ್ಲಿ ಹುಲ್ಲು ಉಳಿದದ್ದು ಹಾಗೆ.

2009ರ ಸುಮಾರಿಗೆ ಈ ಕಾವಲುಗಳು ವಿಜ್ಞಾನಕ್ಕೆ ಹೋದವು. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ, ರಕ್ಷಣಾ ಸಂಶೋಧನಾ ಸಂಸ್ಥೆಗೆ ವರವು ಕಾವಲಿನ ಕಡೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಇಸ್ರೋಗೆ 573. ಗೋಡೆಗಳೆದ್ದವು, ದನ ಬಿಡುವ ದಾರಿ ತಪ್ಪಿತು. ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ರಾಕೆಟ್ ಮಾದರಿ ಹೆಲಿಕಾಪ್ಟರಿನಿಂದ ಬಿಡುಗಡೆಯಾಗಿ ತಾನೇ ದಾರಿ ಹಿಡಿದು ಇಳಿದದ್ದು ಇಲ್ಲಿನ ರನ್‌ವೇ ಮೇಲೆಯೇ. ಸಂಸ್ಕೃತದಲ್ಲಿ ಸಂಶೋಧನೆಗೆ ‘ಗವೇಷಣೆ’ ಎನ್ನುತ್ತಾರೆ, ಮೂಲದಲ್ಲಿ ಅದು ಕಳೆದ ಹಸುವನ್ನು ಹುಡುಕುವುದು. ಕಣ್ಣಿಗೆ ಕಾಣುವುದಕ್ಕೆ ‘ಗೋಚರ’, ಅದು ಹಸು ಅಡ್ಡಾಡುವ ಎಲ್ಲೆ. ವಿದ್ವಾಂಸರ ‘ಗೋಷ್ಠಿ’ ಕೂಡ ದನದ ಕೊಟ್ಟಿಗೆಯಿಂದ ಎದ್ದು ಬಂದದ್ದು. ದನ ಮೇಯುವ ಬಯಲಿನಲ್ಲಿ ಇಷ್ಟು ದೊಡ್ಡ ಸಂಶೋಧನೆ ನಡೆಯುವಾಗ ಆ ಬಯಲಿನ ಮಾತನ್ನು ಯಾರೂ ಶೋಧಿಸದಿದ್ದರೆ ಅದು ಲೋಪವೇ ಸರಿ.

ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಲ್ಲಿಗೆ ಹೋಗುವ ಮೇಷ್ಟ್ರುಗಳಲ್ಲಿ, ಚಳ್ಳಕೆರೆ ಮೊಳಕಾಲ್ಮೂರಿನ ಹೈಸ್ಕೂಲು ಮಕ್ಕಳಲ್ಲಿ ಒಂದು ಕೋರಿಕೆ. ನಿಮ್ಮೂರಿನ ಕಿಲಾರಿಯನ್ನೋ ಕುರಿ ಕಾಯುವ ತಾತನನ್ನೋ ಕೂರಿಸಿಕೊಂಡು ಕೇಳಿ. ಯಾವ ಹುಲ್ಲಿಗೆ ಏನು ಹೆಸರು, ದನ ಹುಲ್ಲು ಎಳೆಯುವುದಕ್ಕೆ ಏನೆನ್ನುತ್ತಾರೆ, ಆಡು ಚಿಗುರು ಕಡಿಯುವುದಕ್ಕೆ ಏನೆನ್ನುತ್ತಾರೆ, ಹೊಟ್ಟೆ ತುಂಬಿ ನಿಂತ ಹಿಂಡಿಗೆ ಏನೆನ್ನುತ್ತಾರೆ. ಕನ್ನಡದಲ್ಲಿ ಕೇಳಿದ್ದನ್ನೇ ತೆಲುಗಿನಲ್ಲೂ ಕೇಳಿ. ಪದ, ಹೇಳಿದ ಊರು, ಪ್ರಾಣಿಯ ಹೆಸರು, ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ, ಸಾಧ್ಯವಾದರೆ ಫೋನಿನಲ್ಲಿ ದನಿಯನ್ನೂ ಹಿಡಿದಿಡಿ. ಈ ಬೇಸಿಗೆ ರಜೆಯಲ್ಲೇ ಶುರುಮಾಡಿ.